ಸರ್ಕಾರದ ಕಪಾಟಿನಲ್ಲಿ ನಿಮ್ಮ ವಿವರ: ಓದುಗರ ಪ್ರಶ್ನೆಗಳಿಗೆ ಉತ್ತರ

ಸರ್ಕಾರಿ ಕಚೇರಿಗಳ ಬಳಿ ಇರುವ ವೈಯಕ್ತಿಕ ಮಾಹಿತಿಯ ರಕ್ಷಣೆಯ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬರುವ ಪತ್ರಗಳಲ್ಲಿ ಹೆಚ್ಚಿನವು ಎಲ್ಲೋ ದೂರದಲ್ಲಿ ಕುಳಿತ ಕಂಪ್ಯೂಟರ್ ಕಳ್ಳರ ಬಗ್ಗೆ ಇರಬಹುದೆಂದು ನಾನು ಎಣಿಸಿದ್ದೆ. ಹಾಗಾಗಲಿಲ್ಲ. ಪಂಚಾಯಿತಿಯ ಸೂಚನಾ ಫಲಕ, ಜೆರಾಕ್ಸ್ ಅಂಗಡಿ, ವಾಟ್ಸ್‌ಆ್ಯಪ್ ಗುಂಪು, ಕ್ರಯಪತ್ರದಲ್ಲಿ ಒತ್ತಿದ ಹೆಬ್ಬೆಟ್ಟು, ಇವೇ ಓದುಗರನ್ನು ಕಾಡುತ್ತಿವೆ. ಅವರ ಅಂದಾಜು ನನ್ನದಕ್ಕಿಂತ ಸರಿಯಾಗಿದೆ. ದೂರುಗಳಿರುವ ಪತ್ರಗಳಿಂದ ಊರು, ಕಚೇರಿ ಮತ್ತು ಬ್ಯಾಂಕುಗಳ ಹೆಸರನ್ನು ತೆಗೆದಿದ್ದೇವೆ. ಗೋಪ್ಯತೆಯ ಬಗ್ಗೆ ಬರೆಯುವವರು ಅಷ್ಟನ್ನಾದರೂ ಪಾಲಿಸಬೇಕಲ್ಲ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ವಿಧವಾ ವೇತನ ಬರುತ್ತದೆ. ಇತ್ತೀಚೆಗೆ ನಮ್ಮ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಫಲಾನುಭವಿಗಳ ಪಟ್ಟಿಯನ್ನು ಅಂಟಿಸಿದ್ದರು. ಅದರಲ್ಲಿ ಹೆಸರಿನ ಜೊತೆಗೆ ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ ಮತ್ತು ಬ್ಯಾಂಕ್ ಖಾತೆಯ ಸಂಖ್ಯೆಯೂ ಇದ್ದವು. ಯಾರೋ ಅದರ ಫೋಟೊ ತೆಗೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಕೇಳಿದರೆ, ಪಾರದರ್ಶಕತೆಗಾಗಿ ಹಾಕಲೇಬೇಕು ಎಂದರು. ಇದು ಸರಿಯೇ?

ಉತ್ತರ: ಅವರು ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ಸರಿಯಾದ ಅರ್ಧವನ್ನು ಮೊದಲು ಹೇಳುತ್ತೇನೆ. ಸಹಾಯಧನದ ಯೋಜನೆಗಳಲ್ಲಿ ಯಾರಿಗೆ ಎಷ್ಟು ಹಣ ಹೋಯಿತು ಎಂಬುದನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಸೆಕ್ಷನ್ ಹೇಳುತ್ತದೆ. ಅದಕ್ಕೆ ಗಟ್ಟಿಯಾದ ಕಾರಣವಿದೆ. ತೀರಿಹೋದವರ ಹೆಸರಿನಲ್ಲಿ ಪಿಂಚಣಿ ಹೋಗುತ್ತಿದ್ದರೆ, ಅಥವಾ ಕೆಲಸಕ್ಕೆ ಬಾರದವರ ಹೆಸರಿನಲ್ಲಿ ಉದ್ಯೋಗ ಖಾತರಿಯ ಕೂಲಿ ಹೋಗುತ್ತಿದ್ದರೆ, ಅದನ್ನು ಮೊದಲು ಕಂಡುಹಿಡಿಯುವವರು ಲೆಕ್ಕಪರಿಶೋಧಕರಲ್ಲ, ಪಕ್ಕದ ಮನೆಯವರು. ಆದ್ದರಿಂದ ಪಟ್ಟಿ ಬೇಕು.

ಆದರೆ ಆ ಕೆಲಸಕ್ಕೆ ಹೆಸರು, ಊರು, ಯೋಜನೆ ಮತ್ತು ಮೊತ್ತ ಸಾಕು. ಪಕ್ಕದ ಮನೆಯವರಿಗೆ ನಿಮ್ಮ ಅತ್ತೆಯವರನ್ನು ಗುರುತಿಸಲು ಅವರ ಹನ್ನೆರಡು ಅಂಕಿಗಳ ಆಧಾರ್ ಸಂಖ್ಯೆ ಬೇಕಿಲ್ಲ. ಅದು ಬೇಕಾಗಿರುವುದು ಪರಸ್ಥಳದ ಮೋಸಗಾರನಿಗೆ ಮಾತ್ರ. 2016ರ ಆಧಾರ್ ಕಾಯ್ದೆಯ 29ನೇ ಸೆಕ್ಷನ್ ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು ಹಾಗೂ ಪ್ರದರ್ಶಿಸುವುದನ್ನು ನಿಷೇಧಿಸುತ್ತದೆ. ಪಂಚಾಯಿತಿಯ ಫಲಕವೂ ಸಾರ್ವಜನಿಕವೇ. ಇದು ಹಳ್ಳಿಯ ಕಚೇರಿಯೊಂದರ ಅಜ್ಞಾನವೆಂದು ಭಾವಿಸಬೇಡಿ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸುಮಾರು 210 ಜಾಲತಾಣಗಳು ಫಲಾನುಭವಿಗಳ ಹೆಸರಿನೊಂದಿಗೆ ಆಧಾರ್ ಸಂಖ್ಯೆಯನ್ನೂ ತೋರಿಸಿದ್ದವು ಎಂದು 2017ರಲ್ಲಿ ಆಧಾರ್ ಪ್ರಾಧಿಕಾರವೇ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸಿತ್ತು. ಅಲ್ಲಿ ಯಾರೂ ಬೀಗ ಒಡೆದಿರಲಿಲ್ಲ. ಎಕ್ಸೆಲ್ ಹಾಳೆಯ ಒಂದು ಕಾಲಂ ಅಳಿಸದೆ ಹಾಗೆಯೇ ಏರಿಸಿದ್ದರು, ಅಷ್ಟೇ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಲಿಖಿತವಾಗಿ ಮನವಿ ಕೊಡಿ. ಪಟ್ಟಿಯನ್ನು ತೆಗೆಯಬೇಕೆಂದು ಕೇಳಬೇಡಿ, ಆಧಾರ್, ಮೊಬೈಲ್ ಮತ್ತು ಖಾತೆಯ ಅಂಕಣಗಳನ್ನು ತೆಗೆದು ಅದೇ ಪಟ್ಟಿಯನ್ನು ಮತ್ತೆ ಹಾಕಬೇಕೆಂದು ಕೇಳಿ. ಆಗ ಪಾರದರ್ಶಕತೆಯ ನೆಪ ಉಳಿಯುವುದಿಲ್ಲ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ವಾರದೊಳಗೆ ಸರಿಹೋಗದಿದ್ದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಬರೆಯಿರಿ, ಜೊತೆಗೆ ಆಧಾರ್ ಪ್ರಾಧಿಕಾರದ 1947 ಸಹಾಯವಾಣಿಗೂ ದೂರು ಹೇಳಿ. ಸಾಕ್ಷಿಗಾಗಿ ತೆಗೆದ ಫೋಟೊ ನಿಮ್ಮ ಬಳಿಯೇ ಇರಲಿ. ಸಿಟ್ಟಿನಲ್ಲಿ ಅದನ್ನೇ ಫೇಸ್‌ಬುಕ್‌ಗೆ ಹಾಕಿದರೆ ಪಂಚಾಯಿತಿ ಮಾಡಿದ ತಪ್ಪನ್ನು ನೀವು ಇನ್ನಷ್ಟು ದೊಡ್ಡದಾಗಿ ಮಾಡಿದಂತಾಗುತ್ತದೆ.

ಪ್ರಶ್ನೆ: ನಿವೇಶನವೊಂದನ್ನು ಕೊಂಡು ನೋಂದಣಿ ಮಾಡಿಸಿದ ಕೆಲವು ತಿಂಗಳುಗಳ ನಂತರ ನನ್ನ ಖಾತೆಯಿಂದ ಎರಡು ಸಲ ಹಣ ಹೋಯಿತು. ನಾನು ಯಾರಿಗೂ ಒಟಿಪಿ ಹೇಳಿಲ್ಲ, ಯಾವ ಲಿಂಕನ್ನೂ ಒತ್ತಿಲ್ಲ. ಬ್ಯಾಂಕಿನವರು, ನಿಮ್ಮ ಬೆರಳಚ್ಚಿನಿಂದಲೇ ಹಣ ತೆಗೆಯಲಾಗಿದೆ ಎನ್ನುತ್ತಾರೆ. ಇದು ಹೇಗೆ ಸಾಧ್ಯ? ನೋಂದಣಿಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ನಿಮ್ಮ ಪ್ರಕರಣದಲ್ಲಿ ಸಂಬಂಧವಿದೆಯೇ ಎಂಬುದನ್ನು ತನಿಖೆಯೇ ಹೇಳಬೇಕು. ಆದರೆ ಹೀಗಾಗುವುದು ಸಾಧ್ಯ, ಆಗಿಯೂ ಇದೆ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಗಳಿಂದ ಇದೇ ರೀತಿ ಹಣ ಹೋಗಿ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತಿದ್ದ ದಾಖಲೆಗಳಿಂದ ಬೆರಳಚ್ಚುಗಳನ್ನು ಕದ್ದಿರುವ ಶಂಕೆ ಎದ್ದಿತ್ತು. ಪೊಲೀಸರು ಕೆಲವರನ್ನು ಬಂಧಿಸಿದರು. ದಾಖಲೆಗಳ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡಲು ಇಲಾಖೆಯೂ ಮುಂದಾಯಿತು.

ಇದರ ಮೂಲ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ದಾಖಲೆಗಳಿರುವ ಒಂದನೇ ಪುಸ್ತಕವನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು, ಪ್ರತಿಯನ್ನೂ ಪಡೆಯಬಹುದು. ಒಂದೇ ಜಮೀನನ್ನು ಇಬ್ಬರಿಗೆ ಮಾರುವ ಮೋಸವನ್ನು ತಡೆಯಲು ಈ ಬಾಗಿಲನ್ನು ತೆರೆದಿಟ್ಟಿದ್ದರು, ಮತ್ತು ಆ ಉದ್ದೇಶ ಇಂದಿಗೂ ಒಳ್ಳೆಯದೇ. 2001ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಬೇರೆಯವರ ಹೆಸರಿನಲ್ಲಿ ಬಂದು ಸಹಿ ಹಾಕುವವರನ್ನು ತಡೆಯಲು ಭಾವಚಿತ್ರ ಮತ್ತು ಬೆರಳಚ್ಚನ್ನು ಕಡ್ಡಾಯ ಮಾಡಿದರು. ಅದೂ ಒಳ್ಳೆಯ ಉದ್ದೇಶವೇ. ಮುಂದೆ ಗುರುತಿನ ಪುರಾವೆಯಾಗಿ ಆಧಾರ್ ಸಂಖ್ಯೆಯೂ ಕ್ರಯಪತ್ರದೊಳಗೆ ಬಂದಿತು. ಕೊನೆಗೆ ಎಲ್ಲವೂ ಸ್ಕ್ಯಾನ್ ಆಗಿ ಜಾಲತಾಣಕ್ಕೆ ಏರಿತು. ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿ, ಅರ್ಜಿ ಬರೆದು, ಗುಮಾಸ್ತರ ಮುಖ ನೋಡಿ ಪಡೆಯಬೇಕಾಗಿದ್ದ ಪ್ರತಿಯನ್ನು ಈಗ ಯಾವ ಊರಿನಿಂದಲಾದರೂ ಪಡೆಯಬಹುದಾಯಿತು. ನಾಲ್ಕು ಹೆಜ್ಜೆಗಳಲ್ಲಿ ಪ್ರತಿಯೊಂದಕ್ಕೂ ಸಮರ್ಥನೆಯಿದೆ; ನಾಲ್ಕೂ ಸೇರಿದಾಗ ಏನಾಗುತ್ತದೆಂದು ಮಾತ್ರ ಯಾರೂ ಕುಳಿತು ಯೋಚಿಸಲಿಲ್ಲ. ನನ್ನ ಮಟ್ಟಿಗೆ ಸರ್ಕಾರಿ ದತ್ತಾಂಶದ ಕಥೆಯೆಲ್ಲ ಇಷ್ಟೇ.

ಐದನೆಯ ಹೆಜ್ಜೆ ಬ್ಯಾಂಕಿನ ಕಡೆಯದು. ಎಟಿಎಂ ಇಲ್ಲದ ಹಳ್ಳಿಗಳಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಕೊಟ್ಟು ಬ್ಯಾಂಕ್ ಮಿತ್ರರ ಬಳಿ ಹಣ ಪಡೆಯುವ ವ್ಯವಸ್ಥೆಯಿದೆ, ಎಇಪಿಎಸ್ ಎನ್ನುತ್ತಾರೆ. ಅದಕ್ಕೆ ಒಟಿಪಿ ಬೇಡ, ಪಿನ್ ಬೇಡ. ಒಂದು ವಹಿವಾಟಿನಲ್ಲಿ 10,000 ರೂಪಾಯಿಯವರೆಗೆ ತೆಗೆಯಬಹುದು. ಕ್ರಯಪತ್ರದ ಪ್ರತಿಯಿಂದ ಬೆರಳಚ್ಚಿನ ಅಚ್ಚನ್ನು ಸಿಲಿಕಾನಿನಲ್ಲಿ ಮಾಡಿಕೊಂಡರೆ ಯಂತ್ರವನ್ನು ಏಮಾರಿಸಬಹುದು ಎಂಬುದನ್ನು ಕಳ್ಳರು ಕಂಡುಕೊಂಡರು. ಗುಪ್ತಪದ ಸೋರಿದರೆ ಬದಲಾಯಿಸಬಹುದು, ಹೆಬ್ಬೆರಳನ್ನು ಬದಲಾಯಿಸಲಾಗದು.

ನೀವು ಈಗ ಮಾಡಬೇಕಾದ ಮೊದಲ ಕೆಲಸ ಬ್ಯಾಂಕಿಗೆ ಲಿಖಿತ ದೂರು ಕೊಡುವುದು ಮತ್ತು 1930 ಸಂಖ್ಯೆಗೆ ಕರೆ ಮಾಡಿ ಸೈಬರ್ ದೂರು ದಾಖಲಿಸುವುದು. ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದೆ ಮೂರನೆಯವರಿಂದಾದ ವಂಚನೆಯನ್ನು, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಶೂನ್ಯವೆಂದೂ, ಗ್ರಾಹಕನೇ ಹೊಣೆ ಎನ್ನುವುದಾದರೆ ಅದನ್ನು ಸಾಬೀತು ಮಾಡಬೇಕಾದದ್ದು ಬ್ಯಾಂಕೇ ಎಂದೂ ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿದೆ. ಬೆರಳಚ್ಚು ನಿಮ್ಮದೇ ಎಂಬ ಒಂದು ಮಾತಿನಿಂದ ಬ್ಯಾಂಕು ಕೈ ತೊಳೆದುಕೊಳ್ಳುವಂತಿಲ್ಲ. ದಿನ ದಾಟಿದ್ದರೂ ದೂರು ಕೊಡುವುದನ್ನು ಬಿಡಬೇಡಿ.

ಎರಡನೆಯದು, ಆಧಾರ್ ಜಾಲತಾಣದಲ್ಲಿ ಅಥವಾ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿಕೊಳ್ಳಿ. ಅಲ್ಲಿಯೇ ನಿಮ್ಮ ಆಧಾರ್ ಇತ್ತೀಚೆಗೆ ಎಲ್ಲೆಲ್ಲಿ, ಯಾವಾಗ ದೃಢೀಕರಣಕ್ಕೆ ಬಳಕೆಯಾಗಿದೆ ಎಂಬ ಪಟ್ಟಿಯೂ ಸಿಗುತ್ತದೆ. ಅದನ್ನು ಮುದ್ರಿಸಿ ದೂರಿನ ಜೊತೆ ಸೇರಿಸಿ. ಈ ಲಾಕ್‌ನ ಸಲಹೆಯನ್ನು ಎಲ್ಲರೂ ಸುಲಭವಾಗಿ ಕೊಡುತ್ತಾರೆ, ಅದರ ಇನ್ನೊಂದು ಮುಖವನ್ನು ಹೇಳುವುದಿಲ್ಲ. ಲಾಕ್ ಆಗಿರುವಾಗ ನ್ಯಾಯಬೆಲೆ ಅಂಗಡಿಯ ಯಂತ್ರವೂ ಬೆರಳನ್ನು ಒಪ್ಪುವುದಿಲ್ಲ. ನಗರದಲ್ಲಿರುವ ಮಗ ಹಳ್ಳಿಯಲ್ಲಿರುವ ತಾಯಿಯ ಬೆರಳಚ್ಚನ್ನು ಲಾಕ್ ಮಾಡಿಟ್ಟು ಮರೆತರೆ, ಆಕೆ ಪಡಿತರವಿಲ್ಲದೆ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಪಡಿತರವನ್ನೋ ಪಿಂಚಣಿಯನ್ನೋ ಬೆರಳೊತ್ತಿ ಪಡೆಯುವವರ ಮನೆಯಲ್ಲಿ, ಲಾಕ್ ತೆಗೆಯಲು ಬಲ್ಲವರೊಬ್ಬರು ಹತ್ತಿರದಲ್ಲಿದ್ದರೆ ಮಾತ್ರ ಈ ಉಪಾಯವನ್ನು ಬಳಸಿ.

ಪ್ರಶ್ನೆ: ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಬಂದಿದ್ದ ಶಿಕ್ಷಕರು ನಮ್ಮ ಆದಾಯ, ಸಾಲ, ಜಾತಿ, ಆಸ್ತಿ ಎಲ್ಲವನ್ನೂ ಕೇಳಿದ್ದರು. ನಾವು ಉತ್ತರಿಸಿದೆವು, ಪಕ್ಕದ ಮನೆಯವರು ನಿರಾಕರಿಸಿದರು. ಯಾರು ಮಾಡಿದ್ದು ಸರಿ? ಮುಂದೆ ಜನಗಣತಿಯವರು ಬಂದಾಗಲೂ ಹೀಗೆಯೇ ನಿರಾಕರಿಸಬಹುದೇ?

ಉತ್ತರ: ಇಬ್ಬರೂ ಕಾನೂನಿನ ಒಳಗೇ ಇದ್ದೀರಿ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಆ ಸಮೀಕ್ಷೆಯಲ್ಲಿ 60 ಪ್ರಶ್ನೆಗಳಿದ್ದವು. ಅದನ್ನು ನಿಲ್ಲಿಸಬೇಕೆಂಬ ಅರ್ಜಿಗಳು ಹೈಕೋರ್ಟಿಗೆ ಹೋದಾಗ, ಸೆಪ್ಟೆಂಬರ್ 25ರಂದು ವಿಭಾಗೀಯ ಪೀಠವು ಸಮೀಕ್ಷೆಗೆ ತಡೆ ಕೊಡಲಿಲ್ಲ. ಆದರೆ ಭಾಗವಹಿಸುವುದು ಸ್ವಯಂಪ್ರೇರಿತವೆಂದು ಆಯೋಗವು ಸಾರ್ವಜನಿಕವಾಗಿ ತಿಳಿಸಬೇಕು, ಗಣತಿದಾರರು ಮೊದಲೇ ಅದನ್ನು ಹೇಳಬೇಕು, ಒಲ್ಲೆನೆಂದವರನ್ನು ಮನವೊಲಿಸಲು ಹೋಗಬಾರದು, ಸಂಗ್ರಹಿಸಿದ ವಿವರಗಳನ್ನು ಯಾರಿಗೂ ಬಹಿರಂಗಪಡಿಸಬಾರದು ಎಂದು ಮಧ್ಯಂತರ ಆದೇಶ ನೀಡಿತು. ದತ್ತಾಂಶದ ಗೋಪ್ಯತೆಯನ್ನು ಹೇಗೆ ಕಾಪಾಡುತ್ತೀರಿ ಎಂಬುದರ ಬಗ್ಗೆ ಆಯೋಗದಿಂದ ಪ್ರಮಾಣಪತ್ರವನ್ನೂ ಕೇಳಿತು.

ನನಗೆ ಈ ಆದೇಶ ಮಹತ್ವದ್ದೆನಿಸುವುದು ಸಮೀಕ್ಷೆ ಬೇಕೇ ಬೇಡವೇ ಎಂಬ ವಾದಕ್ಕಾಗಿ ಅಲ್ಲ. ಹಿಂದುಳಿದವರ ಸ್ಥಿತಿಯನ್ನು ಅಂಕಿಗಳಲ್ಲಿ ತಿಳಿಯದೆ ಮೀಸಲಾತಿಯನ್ನಾಗಲಿ ಅನುದಾನವನ್ನಾಗಲಿ ನ್ಯಾಯವಾಗಿ ಹಂಚಲಾಗದು ಎಂಬುದನ್ನು ಒಪ್ಪುವವನು ನಾನು. ಮಾಹಿತಿ ಕೇಳುವ ಸರ್ಕಾರವು, ಕೇಳುವ ಮೊದಲೇ, ನೀವು ಇಲ್ಲವೆನ್ನಬಹುದು ಎಂದು ಹೇಳಬೇಕೆಂದು ನ್ಯಾಯಾಲಯವೊಂದು ಇಷ್ಟು ಸರಳವಾಗಿ ಹೇಳಿದ್ದು ಅಪರೂಪ. ಬಾಗಿಲಿಗೆ ಬಂದ ಮೇಷ್ಟ್ರಿಗೆ ಇಲ್ಲವೆನ್ನಲು ನಮ್ಮಲ್ಲಿ ಹೆಚ್ಚಿನವರಿಗೆ ದಾಕ್ಷಿಣ್ಯ. ಇಲ್ಲವೆನ್ನಬಹುದೆಂದು ಅವರೇ ಹೇಳಿದಾಗ ಕೊಡುವ ಉತ್ತರವೇ ನಿಜವಾದ ಒಪ್ಪಿಗೆ.

ಜನಗಣತಿಯ ವಿಷಯ ಬೇರೆ. 1948ರ ಜನಗಣತಿ ಕಾಯ್ದೆಯಡಿ ಕೇಳುವ ಪ್ರಶ್ನೆಗಳಿಗೆ ತಿಳಿದ ಮಟ್ಟಿಗೆ ಉತ್ತರಿಸುವುದು ಕಡ್ಡಾಯ, ನಿರಾಕರಿಸಿದರೆ ದಂಡವಿದೆ. ಅದಕ್ಕೆ ಪ್ರತಿಯಾಗಿ ಕಾಯ್ದೆಯ 15ನೇ ಸೆಕ್ಷನ್ ಬಲವಾದ ಭರವಸೆಯನ್ನು ಕೊಡುತ್ತದೆ: ವ್ಯಕ್ತಿಯ ವಿವರವಿರುವ ಗಣತಿಯ ದಾಖಲೆಯನ್ನು ಯಾರೂ ಪರಿಶೀಲಿಸುವಂತಿಲ್ಲ, ಅದನ್ನು ನ್ಯಾಯಾಲಯದಲ್ಲಿ ಸಾಮಾನ್ಯವಾಗಿ ಸಾಕ್ಷ್ಯವಾಗಿಯೂ ಬಳಸುವಂತಿಲ್ಲ. ಉತ್ತರಿಸುವುದು ಕಡ್ಡಾಯವಾದರೆ ಅದನ್ನು ಮುಚ್ಚಿಡುವುದೂ ಅಷ್ಟೇ ಕಡ್ಡಾಯ ಎಂಬ ಈ ಹಳೆಯ ಲೆಕ್ಕಾಚಾರ ಇಂದಿನ ಹಲವು ಹೊಸ ಕಾಯ್ದೆಗಳಲ್ಲಿ ಕಾಣುವುದಿಲ್ಲ.

ಪ್ರಶ್ನೆ: ಲಾಡ್ಜು, ಸಿಮ್ ಅಂಗಡಿ, ಮಗನ ಶಾಲೆ, ಎಲ್ಲ ಕಡೆ ಆಧಾರ್ ಜೆರಾಕ್ಸ್ ಕೇಳುತ್ತಾರೆ. ಕೊಡಬಹುದೇ?

ಉತ್ತರ: ಕೊಡಲೇಬೇಕಾದಾಗ ಮರೆಮಾಡಿದ ಆಧಾರ್ ಕೊಡಿ, ಅದರಲ್ಲಿ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುತ್ತವೆ, ಪ್ರಾಧಿಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಜೆರಾಕ್ಸ್ ಆದರೆ ಯಾವ ಕೆಲಸಕ್ಕೆಂದು ಮತ್ತು ದಿನಾಂಕವನ್ನು ಚಿತ್ರದ ಮೇಲೆಯೇ ಹಾಯುವಂತೆ ಪೆನ್ನಿನಲ್ಲಿ ಬರೆಯಿರಿ. ಆಧಾರ್ ಇಲ್ಲವೆಂಬ ಕಾರಣಕ್ಕೆ ಶಾಲೆಯ ಪ್ರವೇಶ ನಿರಾಕರಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿಯೇ ಹೇಳಿದೆ. ಒಂದು ತಮಾಷೆಯ ಸಂಗತಿಯನ್ನೂ ನೆನಪಿಸುತ್ತೇನೆ. ಆಧಾರ್ ಜೆರಾಕ್ಸನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ ಎಂಬ ಒಳ್ಳೆಯ ಸಲಹೆಯನ್ನು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ 2022ರ ಮೇ 27ರಂದು ಪ್ರಕಟಿಸಿತ್ತು. ಜನ ತಪ್ಪಾಗಿ ಅರ್ಥೈಸಿಕೊಳ್ಳಬಹುದೆಂದು ಹೇಳಿ ಎರಡೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆದರು. ಸಲಹೆ ಹೋಯಿತು, ಅಪಾಯ ಉಳಿಯಿತು.

ಪ್ರಶ್ನೆ: ನಮ್ಮ ಊರಿನ ರಸ್ತೆ ಕಾಮಗಾರಿಯ ಬಿಲ್ಲು, ಗುತ್ತಿಗೆದಾರರ ಹೆಸರು ಮತ್ತು ಅಳತೆ ಪುಸ್ತಕದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿದ್ದೆ. ಇದು ವೈಯಕ್ತಿಕ ಮಾಹಿತಿ, ಹೊಸ ದತ್ತಾಂಶ ಕಾಯ್ದೆಯಿಂದ ಕೊಡಲಾಗದು ಎಂಬ ಹಿಂಬರಹ ಬಂದಿದೆ. ಗೋಪ್ಯತೆಯ ಕಾನೂನು ಜನರಿಗಾಗಿ ಬಂದದ್ದೋ ಕಚೇರಿಗಾಗಿಯೋ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆ ಈ ಇಡೀ ಅಂಕಣದ ಪ್ರಶ್ನೆ.

2005ರ ಕಾಯ್ದೆಯ 8ನೇ ಸೆಕ್ಷನ್‌ನಲ್ಲಿ ವೈಯಕ್ತಿಕ ಮಾಹಿತಿಗೆ ಒಂದು ವಿನಾಯಿತಿ ಮೊದಲಿನಿಂದಲೂ ಇತ್ತು. ಆದರೆ ಅದಕ್ಕೆ ಷರತ್ತುಗಳಿದ್ದವು. ಆ ಮಾಹಿತಿಗೆ ಸಾರ್ವಜನಿಕ ಚಟುವಟಿಕೆಯ ಸಂಬಂಧವಿರಬಾರದು, ಅಥವಾ ಅದನ್ನು ಕೊಟ್ಟರೆ ವ್ಯಕ್ತಿಯ ಖಾಸಗಿತನಕ್ಕೆ ಅಕಾರಣವಾದ ಧಕ್ಕೆಯಾಗಬೇಕು; ಆಗಲೂ ವ್ಯಾಪಕ ಸಾರ್ವಜನಿಕ ಹಿತವಿದೆಯೆಂದು ಮಾಹಿತಿ ಅಧಿಕಾರಿಗೆ ಮನವರಿಕೆಯಾದರೆ ಕೊಡಬಹುದಾಗಿತ್ತು. ಸಂಸತ್ತಿಗೋ ವಿಧಾನಸಭೆಗೋ ನಿರಾಕರಿಸಲಾಗದ ಮಾಹಿತಿಯನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಸುಂದರವಾದ ಸಾಲೊಂದು ಅಲ್ಲಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತನ್ನ 44ನೇ ಸೆಕ್ಷನ್ ಮೂಲಕ ಇವೆಲ್ಲವನ್ನೂ ಅಳಿಸಿ, ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ ಎಂಬಷ್ಟನ್ನೇ ಉಳಿಸಿತು. ಗಮನಿಸಬೇಕಾದ ಅಂಶ ಇನ್ನೊಂದಿದೆ. ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದಾಗ, ಪ್ರಜೆಗಳ ದತ್ತಾಂಶವನ್ನು ಕಾಪಾಡುವ ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಕಾಲಾವಕಾಶ ಸಿಕ್ಕಿತು. ಮಾಹಿತಿ ಹಕ್ಕಿನ ಮೇಲಿನ ಈ ತಿದ್ದುಪಡಿ ಮಾತ್ರ ತಕ್ಷಣವೇ ಜಾರಿಯಾಯಿತು. ಕೊಡೆ ಬರುವ ಮೊದಲೇ ಕಿಟಕಿ ಮುಚ್ಚಿದಂತೆ.

ಹಾಗಿದ್ದರೂ ನಿಮಗೆ ಬಂದ ಹಿಂಬರಹ ನಿಲ್ಲುವಂಥದ್ದಲ್ಲ. ಡಾಂಬರಿನ ದಪ್ಪ ಯಾರ ವೈಯಕ್ತಿಕ ಮಾಹಿತಿ? ಅಳತೆ ಪುಸ್ತಕ, ಬಿಲ್ಲಿನ ಮೊತ್ತ, ಕಾಮಗಾರಿಯ ಅಂದಾಜು ಇವು ವ್ಯಕ್ತಿಯ ವಿವರಗಳಲ್ಲ, ಸಾರ್ವಜನಿಕ ಹಣದ ಲೆಕ್ಕ. ಗುತ್ತಿಗೆದಾರ ಕಂಪನಿಯಾಗಿದ್ದರೆ ಅದಕ್ಕೆ ಈ ಕಾಯ್ದೆಯ ರಕ್ಷಣೆಯ ಮಾತೇ ಬರುವುದಿಲ್ಲ, ಏಕೆಂದರೆ ಕಾಯ್ದೆ ಕಾಪಾಡುವುದು ಜೀವಂತ ಮನುಷ್ಯರ ದತ್ತಾಂಶವನ್ನು. ಒಂದೆರಡು ಸಾಲುಗಳಲ್ಲಿ ವೈಯಕ್ತಿಕ ವಿವರವಿದ್ದರೆ ಅವುಗಳ ಮೇಲೆ ಮಸಿ ಬಳಿದು ಉಳಿದದ್ದನ್ನು ಕೊಡಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 10ನೇ ಸೆಕ್ಷನ್ ಈಗಲೂ ಹೇಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, 8ನೇ ಸೆಕ್ಷನ್‌ನ ಎರಡನೇ ಉಪವಿಭಾಗವನ್ನು ಯಾರೂ ಮುಟ್ಟಿಲ್ಲ: ಬಹಿರಂಗದಿಂದಾಗುವ ಸಾರ್ವಜನಿಕ ಹಿತವು ಹಾನಿಗಿಂತ ಹೆಚ್ಚಾಗಿದ್ದರೆ ವಿನಾಯಿತಿಯ ಮಾಹಿತಿಯನ್ನೂ ಸಾರ್ವಜನಿಕ ಪ್ರಾಧಿಕಾರ ಕೊಡಬಹುದು.

30 ದಿನಗಳೊಳಗೆ ಪ್ರಥಮ ಮೇಲ್ಮನವಿ ಸಲ್ಲಿಸಿ, ಈ ಅಂಶಗಳನ್ನೆಲ್ಲ ಸೆಕ್ಷನ್ ಸಂಖ್ಯೆಯೊಂದಿಗೆ ಬರೆಯಿರಿ. ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಹೋಗಬಹುದು. ಹೊಸದಾಗಿ ಅರ್ಜಿ ಹಾಕುವುದಿದ್ದರೆ ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ ಮತ್ತು 150 ಪದಗಳ ಮಿತಿಯನ್ನು ನೆನಪಿಡಿ. ಅದನ್ನು ಮೀರಿದ ಅರ್ಜಿಯನ್ನು ಹಿಂದಿರುಗಿಸಲು ಕಚೇರಿಗೆ ಇನ್ನೊಂದು ಕಾರಣ ಸಿಗುತ್ತದೆ.

ಪ್ರಶ್ನೆ: ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿದ ತೀರ್ಪಿಗೆ ಪುಟ್ಟಸ್ವಾಮಿ ತೀರ್ಪು ಎಂದು ಹೆಸರು. ಅವರು ನಮ್ಮವರೇ? (ಕಾನೂನು ವಿದ್ಯಾರ್ಥಿನಿ)

ಉತ್ತರ: ಹೌದು, ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ ನಿವೃತ್ತರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು. 1926ರಲ್ಲಿ ಹುಟ್ಟಿದವರು. ಸಂಸತ್ತಿನ ಕಾಯ್ದೆಯ ಬೆಂಬಲವಿಲ್ಲದೆ ಆಧಾರ್ ಯೋಜನೆಯನ್ನು ನಡೆಸುತ್ತಿರುವುದನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಮುಂದಿನ ವರ್ಷ ಐವರ ಪೀಠ ಆಧಾರ್ ಕಾಯ್ದೆಯನ್ನು ನಾಲ್ಕು-ಒಂದರ ಬಹುಮತದಲ್ಲಿ ಎತ್ತಿಹಿಡಿದರೂ, ಬ್ಯಾಂಕ್ ಖಾತೆ ಮತ್ತು ಸಿಮ್‌ಗೆ ಆಧಾರ್ ಜೋಡಣೆ ಕಡ್ಡಾಯವೆಂಬುದನ್ನು ಹೊಡೆದುಹಾಕಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಪರೀಕ್ಷೆಗಾಗಿ ಓದುವಾಗ ತೀರ್ಪು ಕೊಟ್ಟ ಅಳತೆಗೋಲನ್ನು ನೆನಪಿಡಿ: ಖಾಸಗಿತನದೊಳಗೆ ಕಾಲಿಡುವ ಸರ್ಕಾರಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯಸಮ್ಮತವಾದ ಉದ್ದೇಶವಿರಬೇಕು, ಇಟ್ಟ ಹೆಜ್ಜೆ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು.

ಈ ಅಳತೆಗೋಲನ್ನು ಹಿಡಿದು 2020ರ ಮಾರ್ಚ್ ತಿಂಗಳನ್ನು ಒಮ್ಮೆ ನೋಡಿ. ವಿದೇಶದಿಂದ ಮರಳಿ ಮನೆಯಲ್ಲಿ ಕ್ವಾರಂಟೈನ್ ಆಗಿದ್ದವರ ಪಟ್ಟಿಗಳನ್ನು ನಮ್ಮ ರಾಜ್ಯ ಸರ್ಕಾರ ವಿಳಾಸದ ಸಮೇತ ಪ್ರಕಟಿಸಿತ್ತು. ರೋಗ ತಡೆಯುವ ಉದ್ದೇಶ ನ್ಯಾಯಸಮ್ಮತವೇ ಆಗಿತ್ತು. ಆದರೆ ಮನೆ ಸಂಖ್ಯೆಯನ್ನು ಊರಿಗೆಲ್ಲ ತಿಳಿಸದೆ ಆರೋಗ್ಯ ಕಾರ್ಯಕರ್ತರಿಗೆ ಮಾತ್ರ ತಿಳಿಸಿದ್ದರೆ ಆ ಉದ್ದೇಶ ಕೆಡುತ್ತಿತ್ತೇ? ಆ ಮೂರನೆಯ ಅಳತೆಯಲ್ಲಿಯೇ ನಮ್ಮ ಕಚೇರಿಗಳು ಸಾಮಾನ್ಯವಾಗಿ ಎಡವುವುದು.

ಪ್ರಶ್ನೆ: ಹೊಸ ದತ್ತಾಂಶ ಕಾಯ್ದೆಯಲ್ಲಿ 250 ಕೋಟಿ ರೂಪಾಯಿಯವರೆಗೆ ದಂಡವಿದೆ ಎಂದು ಓದಿದೆ. ಸರ್ಕಾರಿ ಇಲಾಖೆಯಿಂದ ನನ್ನ ಮಾಹಿತಿ ಸೋರಿದರೆ ನನಗೆ ಪರಿಹಾರ ಸಿಗುತ್ತದೆಯೇ?

ಉತ್ತರ: ಈ ಕಾಯ್ದೆಯಡಿ ಸಿಗುವುದಿಲ್ಲ. ಸುರಕ್ಷತೆಯ ಕ್ರಮ ಕೈಗೊಳ್ಳದೆ ದತ್ತಾಂಶ ಸೋರಿದರೆ 250 ಕೋಟಿಯವರೆಗೆ ದಂಡ ವಿಧಿಸಬಹುದು, ನಿಜ. ಆದರೆ ಆ ಹಣ ಭಾರತದ ಸಂಚಿತ ನಿಧಿಗೆ ಹೋಗುತ್ತದೆ. ದಂಡ ಕಟ್ಟುವುದು ಸರ್ಕಾರದ ಇಲಾಖೆಯೇ ಆದರೆ, ಎಡ ಜೇಬಿನಿಂದ ಬಲ ಜೇಬಿಗೆ. ನಷ್ಟವಾದವರಿಗೆ ಪರಿಹಾರ ಕೊಡಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಸೆಕ್ಷನ್ ಮೊದಲೂ ಕಂಪನಿಗಳಿಗೆ ಮಾತ್ರ ಅನ್ವಯಿಸುತ್ತಿತ್ತು, ಅದನ್ನೂ ಕೈಬಿಡಲು ಹೊಸ ಕಾಯ್ದೆಯೇ ಹೇಳಿದೆ. ಪ್ರಜೆಯು ಸುಳ್ಳು ದೂರು ಕೊಟ್ಟರೆ 10,000 ರೂಪಾಯಿಯವರೆಗೆ ದಂಡ ಕಟ್ಟಬೇಕೆಂಬ ಕಲಂ ಮಾತ್ರ ಮರೆಯದೆ ಸೇರಿದೆ.

ಸರ್ಕಾರದ ವಿಷಯದಲ್ಲಿ ಕಾಯ್ದೆ ಇನ್ನೂ ಸಡಿಲ. ಸಹಾಯಧನ, ಸೇವೆ, ಪ್ರಮಾಣಪತ್ರ, ಪರವಾನಗಿ ಕೊಡುವುದಕ್ಕಾಗಿ ಸರ್ಕಾರವು ತನ್ನ ಬಳಿ ಈಗಾಗಲೇ ಇರುವ ದತ್ತಾಂಶವನ್ನು ನಿಮ್ಮ ಹೊಸ ಒಪ್ಪಿಗೆಯಿಲ್ಲದೆಯೇ ಬಳಸಬಹುದು. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಗಾಗಿ ಕೇಂದ್ರವು ಅಧಿಸೂಚಿಸಿದ ಸಂಸ್ಥೆಗಳಿಗೆ ಇಡೀ ಕಾಯ್ದೆಯಿಂದಲೇ ವಿನಾಯಿತಿ ಸಿಗುತ್ತದೆ. ತಮ್ಮ ಬಗ್ಗೆ ಏನು ಇಟ್ಟುಕೊಂಡಿದ್ದೀರಿ ಎಂದು ಪ್ರಜೆಗಳು ಕೇಳುವ, ತಿದ್ದಿಸುವ ಹಕ್ಕುಗಳನ್ನೂ ಕಾಯ್ದೆ ಒಪ್ಪಿಗೆ ಕೊಟ್ಟು ಒಪ್ಪಿಸಿದ ದತ್ತಾಂಶಕ್ಕೆ ಕಟ್ಟಿಹಾಕಿದೆ. ಒಪ್ಪಿಗೆಯನ್ನೇ ಕೇಳದೆ ಬಳಸುವ ಸರ್ಕಾರದ ಮುಂದೆ ಆ ಹಕ್ಕು ಮೊಂಡಾಗುತ್ತದೆ. ಅತಿ ಹೆಚ್ಚು ದತ್ತಾಂಶ ಇರುವವರಿಗೇ ಅತಿ ಕಡಿಮೆ ಹೊಣೆ ಎಂಬುದು ನನ್ನ ದೃಷ್ಟಿಯಲ್ಲಿ ಈ ಕಾಯ್ದೆಯ ದೊಡ್ಡ ದೋಷ. ಆದರೂ ಸೋರಿಕೆಯಾದಾಗ ಬಾಧಿತರಿಗೆ ತಿಳಿಸಬೇಕು, ದೂರು ಕೇಳಲು ವ್ಯವಸ್ಥೆಯಿರಬೇಕು ಎಂಬ ಕರ್ತವ್ಯಗಳು ವಿನಾಯಿತಿ ಪಡೆಯದ ಇಲಾಖೆಗಳಿಗೂ ಅನ್ವಯಿಸುತ್ತವೆ. ಅಧಿಸೂಚನೆಯಂತೆ ಅವು 2027ರ ಮೇ ತಿಂಗಳಲ್ಲಿ ಜಾರಿಗೆ ಬರಬೇಕು.

ಅಲ್ಲಿಯವರೆಗೆ, ಅದರ ನಂತರವೂ, ನಿಮ್ಮ ಕೈಯಲ್ಲಿರುವ ಉಪಕರಣ 10 ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿಯೇ. ನಿಮ್ಮದೇ ಕಡತದ ಪ್ರತಿಯನ್ನು ನೀವೇ ಕೇಳುವಾಗ ಬೇರೆಯವರ ಖಾಸಗಿತನದ ಪ್ರಶ್ನೆ ಏಳುವುದಿಲ್ಲ. ನನ್ನ ಬಗ್ಗೆ ನಿಮ್ಮ ಬಳಿ ಯಾವ ವಿವರಗಳಿವೆ, ಯಾವ ಕಾನೂನಿನಡಿ ಪಡೆದಿರಿ, ಯಾವ ಇಲಾಖೆಗಳಿಗೆ ಕೊಟ್ಟಿದ್ದೀರಿ, ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ ಎಂದು ಕೇಳಿ. ನೇರ ಉತ್ತರ ಬರದಿರಬಹುದು. ಆದರೆ ಹಿಂಬರಹ ಬರೆಯಲು ಕುಳಿತ ಗುಮಾಸ್ತರು ಆ ಕಡತವನ್ನು ಒಮ್ಮೆ ತೆರೆದು ನೋಡಲೇಬೇಕಾಗುತ್ತದೆ. ದೊಡ್ಡ ನಷ್ಟವಾಗಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸುವ ದಾರಿಯಿದೆ. ಅದಕ್ಕೆ ವಕೀಲರ ಸಲಹೆ ಬೇಕು.

ಪ್ರಶ್ನೆ: ಮಗಳಿಗೆ ಮುಂದಿನ ತಿಂಗಳು 18 ತುಂಬುತ್ತದೆ. ಅವಳ ಆಧಾರನ್ನು ನಾವು ಚಿಕ್ಕವಳಿದ್ದಾಗ ಮಾಡಿಸಿದ್ದು. ಈಗ ಅವಳು ಬೇಡವೆನ್ನಬಹುದೇ?

ಉತ್ತರ: ಅನ್ನಬಹುದು. 2019ರ ತಿದ್ದುಪಡಿಯ ಪ್ರಕಾರ, ಮಕ್ಕಳಾಗಿದ್ದಾಗ ಆಧಾರ್ ಪಡೆದವರು 18 ತುಂಬಿದ ಆರು ತಿಂಗಳೊಳಗೆ ಅದನ್ನು ರದ್ದುಪಡಿಸುವಂತೆ ಅರ್ಜಿ ಕೊಡಬಹುದು. ಈ ಅವಕಾಶ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಆದರೆ ಪ್ಯಾನ್ ಜೋಡಣೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿರುವುದರಿಂದ ಮತ್ತು ಸರ್ಕಾರದ ಹಲವು ವಿದ್ಯಾರ್ಥಿವೇತನಗಳು ಆಧಾರ್ ಮೂಲಕವೇ ಬರುವುದರಿಂದ, ರದ್ದು ಮಾಡಿಸುವ ಮೊದಲು ಆಕೆ ಚೆನ್ನಾಗಿ ಯೋಚಿಸಲಿ. ನಿರ್ಧಾರ ಮಾತ್ರ ಆಕೆಯದೇ ಆಗಿರಲಿ. ಉಳಿಸಿಕೊಳ್ಳುವುದಾದರೆ ಒಂದು ಸಣ್ಣ ಕೆಲಸವಿದೆ. ಇಷ್ಟು ವರ್ಷ ಆಕೆಯ ಆಧಾರ್ ಒಟಿಪಿ ಬರುತ್ತಿದ್ದದ್ದು ಬಹುಶಃ ನಿಮ್ಮ ಮೊಬೈಲಿಗೆ. ಹುಟ್ಟುಹಬ್ಬ ಕಳೆದ ವಾರವೇ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ನಿಮ್ಮ ಸಂಖ್ಯೆಯನ್ನು ತೆಗೆಸಿ ಆಕೆಯದನ್ನು ಹಾಕಿಸಿ.